ಕುಮಟೆಯ ಪ್ರತಿಯಲ್ಲಿ ಇಲ್ಲದ ಹೆಸರು

ಕಡಲೇರಿಕೆಯ ನೂರ ಹನ್ನೆರಡನೆಯ ವರ್ಷ, ಮರುಗ್ರೀಷ್ಮದ ಮೂವತ್ತೈದನೆಯ ದಿನ
ತೇಲುಕುಮಟೆ

ಹಿಂದಿನ ಕಾಲದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನಮ್ಮ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಮನ್ನಿಸಿ. ಊರೂರಿನ ಸರ್ವರ್‌ಗಳಲ್ಲಿ ಜನರ ಹೆಸರುಪಟ್ಟಿಯ ನಕಲುಗಳನ್ನು ಹೇಗೆ ಇಡಬೇಕೆಂದು ನಿಮ್ಮ ಕಾಲದವರು ಯೋಜನೆ ಹಾಕುತ್ತಿದ್ದರೆಂದು ಓದಿದ್ದೇನೆ. ಅದಕ್ಕಾಗಿಯೇ ನನ್ನ ಅಜ್ಜಿ ಮಂಕಾಳಿಗೆ ಆದದ್ದನ್ನು ಬರೆಯುತ್ತಿದ್ದೇನೆ.

ಆ ಪಟ್ಟಿಯನ್ನು ನಾವು ಹೆಸರುಮನೆ ಎನ್ನುತ್ತೇವೆ. ನಮ್ಮ ಊರು ತೆಪ್ಪಗಳ ಮೇಲೆ ಕಟ್ಟಿದ್ದು. ಬೆಳಗ್ಗೆ ನಲ್ಲಿಯ ಮೇಲೆ ಅಂಗೈ ಇಟ್ಟರೆ, ಇವರು ನಮ್ಮವರೇ ಎಂದು ಅದು ಹೆಸರುಮನೆಯನ್ನು ಕೇಳುತ್ತದೆ. ಹೌದೆಂದರೆ ಸಿಹಿನೀರು ಬಿಡುತ್ತದೆ. ಶಾಲೆಯ ಬಾಗಿಲು, ದೋಣಿಯ ಬೀಗ, ಮದ್ದಿನ ಪೆಟ್ಟಿಗೆ, ಎಲ್ಲಕ್ಕೂ ಇದೇ ಪದ್ಧತಿ. ಮೂಲ ಹೆಸರುಮನೆ ದೂರದ ಬೀದರಿನಲ್ಲಿತ್ತು. ನಮ್ಮಲ್ಲಿದ್ದದ್ದು ಓದುಪ್ರತಿ, ಅದನ್ನು ಕೇಳಬಹುದು, ಅದರಲ್ಲಿ ಬರೆಯಲಾಗದು. ಪ್ರತಿ ಊರಿಗೂ ಬರೆಯುವ ಹಕ್ಕಿರಲಿ ಎಂದು ನಾಗಲಾಂಬಿಕೆ ಎಂಬ ಎಂಜಿನಿಯರ್ ವಾದಿಸಿದ್ದರಂತೆ. ಎರಡು ಊರು ಒಂದೇ ಹೆಸರನ್ನು ಬೇರೆ ಬೇರೆಯಾಗಿ ಬರೆದರೆ ಯಾವುದನ್ನು ನಂಬುವುದೆಂದು ಹೆಸರುಮನೆ ನಡೆಸುವ ಸಭೆ ಹೆದರಿತು. ಬೀದರಿನಿಂದ ಕಡಲ ಕಡೆಗೆ ಸುದ್ದಿ ಸಾಗಿಸಲು ಒಂದೇ ತಂತಿ ಸಾಕೆಂದೂ ತೀರ್ಮಾನಿಸಿತು.

ನಾನು ಹುಟ್ಟುವ ಹೊತ್ತಿಗೆ ಬಿರುಗಾಳಿ ಆ ತಂತಿಯನ್ನು ಕಿತ್ತುಹಾಕಿತ್ತು. ಅದನ್ನು ಜೋಡಿಸಲು ಹೋದ ದೋಣಿಯಲ್ಲಿ ಅಪ್ಪನಿದ್ದ. ಊರಲ್ಲಿ ಉಪ್ಪುಜ್ವರ ಹಬ್ಬಿತ್ತು. ಮದ್ದಿನ ಪೆಟ್ಟಿಗೆ ಒಂದು ಹೆಸರಿಗೆ ಒಂದೇ ಸೀಸೆ ಕೊಡುತ್ತಿತ್ತು. ಅಮ್ಮ ಬಸುರಿಯಾಗಿದ್ದಾಗಲೇ ತನ್ನದನ್ನು ಕುಡಿದಿದ್ದಳು. ನನಗೆ ಜ್ವರ ಬಂದಾಗ, ನನ್ನ ಹೆಸರು ಇನ್ನೂ ಬೀದರಿಗೆ ಮುಟ್ಟಿರದ ಕಾರಣ, ನನ್ನ ಅಂಗೈಯನ್ನು ಪೆಟ್ಟಿಗೆ ಗುರುತಿಸಲಿಲ್ಲ. ಓದುಪ್ರತಿಯನ್ನು ನೋಡಿಕೊಳ್ಳುತ್ತಿದ್ದ ಜಟ್ಟಿ ನನ್ನನ್ನು ಸೇರಿಸಲು ಮತ್ತೆ ಮತ್ತೆ ಯತ್ನಿಸಿದ. ಪೆಟ್ಟಿಗೆ ಒಡೆಯಲೂ ಹೊರಟ. ಒಡೆದರೆ ಒಳಗಿನ ತಂಪು ಹೋಗಿ ಎಲ್ಲರ ಮದ್ದೂ ಕೆಡುತ್ತದೆಂದು ಕೈಬಿಟ್ಟ.

ಸರದಿಯಲ್ಲಿ ಬೇರೆಯವರನ್ನು ಮುಂದೆ ಬಿಡುತ್ತ ಅಜ್ಜಿ ತನ್ನ ಸೀಸೆಯನ್ನು ಇನ್ನೂ ಪಡೆದಿರಲಿಲ್ಲ. ಆಗಲೇ ಅವಳ ಮೈಯೂ ಸುಡುತ್ತಿತ್ತು. ಹೋಗಿ ಅಂಗೈ ಇಟ್ಟು, ಸೀಸೆ ತಂದು ಅಮ್ಮನ ಮಡಿಲಲ್ಲಿಟ್ಟಳು. ಇಬ್ಬರಿಗೂ ಅರ್ಧರ್ಧ ಹಾಕೋಣವೆಂದು ಅಮ್ಮ ಅತ್ತಳಂತೆ.

“ಅರ್ಧ ಮದ್ದು ಇಬ್ರಿಗೂ ತಾಗೂದಿಲ್ಲ, ಮಗಾ. ಅದ್ರ ಬಾಯಿಗೆ ಬಿಡು,” ಎಂದಳು ಅಜ್ಜಿ. “ತಂತಿ ಬಂದ್ಮೇಲೆ ನಾ ಇನ್ನೊಂದು ಕೇಳ್ತೆ.”

ತಂತಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಜೋಡಣೆಯಾದೊಡನೆ ಪೆಟ್ಟಿಗೆಯ ವರದಿ ಬೀದರಿಗೆ ಮುಟ್ಟಿತು: ಮಂಕಾಳಿ, ಮದ್ದು ಪಡೆದಿದ್ದಾರೆ. ತಂತಿಯಲ್ಲಿ ಸಾಗಿದ ಅದನ್ನು ಅಪ್ಪ ದೋಣಿಯಲ್ಲೇ ಓದಿ ನೆಮ್ಮದಿಯಿಂದ, ತಾಯಿಗೆ ಇಷ್ಟವಾದ ಕಾಣೆಮೀನು ಹಿಡಿದುಕೊಂಡು ಮನೆಗೆ ಬಂದ.

ಮುಂದೆ ನಾಗಲಾಂಬಿಕೆ ಬೀದರಿನಿಂದ ನಮ್ಮ ತೆಪ್ಪಕ್ಕೆ ಬಂದರು. ಯಾರೂ ಅವರನ್ನು ಬೈಯಲಿಲ್ಲ. ಅಮ್ಮನ ಎದುರು ಕುಳಿತು ಹೇಳಿದರಂತೆ: “ಎರಡು ಊರಿನ ಬರಹ ತಾಳೆ ಆಗಲಿಲ್ಲಂದ್ರ ಕೂಡಿ ತಿದ್ದಬಹುದಿತ್ತು. ಇದನ್ನ ಹ್ಯಾಂಗ ತಿದ್ದೋದವ್ವಾ?”

ಆಮೇಲೆ ಎರಡನೆಯ ತಂತಿ ಬಂತು, ಬರೆಯುವ ಹಕ್ಕೂ ಬಂತು. ಕುಮಟೆಯವರು ತಮ್ಮ ಕೈಯಾರೆ ಮೊದಲು ಬರೆದದ್ದು ಅಜ್ಜಿಯ ಮರಣವನ್ನು. ಅಪ್ಪನೇ ಬರೆದ. ಅದರ ಕೆಳಗಿನದು ನನ್ನ ಹೆಸರು.

ನಿಮ್ಮಲ್ಲಿ ಕೇಳುವುದಿಷ್ಟೆ. ನಕ್ಷೆಯ ಮೇಲೆ ಊರಿಂದೂರಿಗೆ ಗೆರೆ ಎಳೆಯುವಾಗ, ಆ ಗೆರೆ ಕಡಿದುಹೋಗುವ ದಿನವನ್ನೂ ಎಣಿಸಿ. ಅಂದು ಕೊನೆಯ ಊರಿನವರು ತಮ್ಮ ಕೂಸಿನ ಹೆಸರನ್ನು ಯಾರನ್ನೂ ಕಾಯದೆ ಬರೆಯುವಂತಿರಲಿ.

ನಿಮ್ಮ ಮುಂದಿನವಳು,
ಜೈವಂತಿ