ದೂರು: ಇತರೆ

ಜೂನ್ 3, ಸಂಜೆ

ನಾಳೆಯಿಂದ ಬೆಳಗಿನ ಪಾಳಿಗೆ ನಾನೊಬ್ಬಳೇ. ಕಾಫಿ ಅಂಗಡಿಯ ಟ್ಯಾಬ್‌ನಲ್ಲಿ ಪಾಳಿಪಟ್ಟಿ ಬಂತು. ಯಜಮಾನರು ಫೋನಿನಲ್ಲಿ ಹೌದೆಂದರು. ವ್ಯಾಪಾರ ಕಡಿಮೆಯಿರುವ ಪಾಳಿಗೆ ಒಬ್ಬರು ಸಾಕೆಂದು ಕಂಪನಿಯ ನಿಯಮ. ಅಂಗಡಿ ಯಜಮಾನರದು, ಬೋರ್ಡು ಕಂಪನಿಯದು, ಪಾಳಿ ಹಾಕುವುದೂ ಕಂಪನಿಯೇ. ವಟವಟಕ್ಕನನ್ನು ಯಜಮಾನರ ಇನ್ನೊಂದು ಅಂಗಡಿಗೆ ಹಾಕಿದ್ದಾರೆ. ನಾಲ್ಕು ವರ್ಷ ಪಕ್ಕದಲ್ಲಿ ನಿಂತು ಒಂದೇ ಸಮ ಮಾತಾಡಿದವಳು. ಹೋಗುವಾಗ ಏನೂ ಹೇಳಲಿಲ್ಲ. ಏಪ್ರನ್ ಮಡಚಿಟ್ಟಳು, ಹೋದಳು.

ಜೂನ್ 9

ಐದೂವರೆಗೆ ಬೀಗ ತೆಗೆದೆ. ಓವನ್ ಆನ್, ಬನ್ನು ಒಳಗೆ, ಕಾಫಿ ಯಂತ್ರ ತೊಳೆದು ಟ್ಯಾಬ್‌ನಲ್ಲಿ ಗುರುತು. ಆರರಿಂದ ಹನ್ನೆರಡರವರೆಗೆ ಬಾಗಿಲು ಹಾಕುವಂತಿಲ್ಲ. ಎರಡು ನಿಮಿಷ ಹಾಕಿದರೂ ಕಂಪನಿಯಿಂದ ಯಜಮಾನರಿಗೆ ಸಂದೇಶ. ಟಾಯ್ಲೆಟ್ ಕಟ್ಟಡದ ಹಿಂದೆ... ಗಲ್ಲಾಪೆಟ್ಟಿಗೆ ಬಿಟ್ಟು ಹೋಗುವುದು ಹೇಗೆ? ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಇಂದು ಆಡಿದ ಮಾತು: ಗುಡ್ ಮಾರ್ನಿಂಗ್, ಸಕ್ಕರೆ ಬೇಕಾ, ಥ್ಯಾಂಕ್ಯೂ. ರೂಮಿಗೆ ಬಂದ ಮೇಲೆ ಒಂದೂ ಇಲ್ಲ.

ಜೂನ್ 22

ಹದಿಮೂರು ದಿನ ಬರೆಯಲಿಲ್ಲ. ಉರಿ, ಆಮೇಲೆ ಜ್ವರ. ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಆರು ಗಂಟೆ ಎಂದೆ. ಬರೆಯುವುದು ನಿಲ್ಲಿಸಿ ನೋಡಿದರು. ಮೂತ್ರದ ಸೋಂಕು, ಹೀಗೇ ಆದರೆ ಕಿಡ್ನಿಗೆ ಹೋಗುತ್ತದಂತೆ.

ಯಜಮಾನರಿಗೆ ಚೀಟಿ ತೋರಿಸಿದೆ. ಮುಖ ಬಾಡಿತು. ಕಂಪನಿಗೆ ಕೇಳಿದರೆ ಕೆಲಸದವರು ನಿಮ್ಮವರು ಅನ್ನುತ್ತಾರಂತೆ. ತಾವೇ ಇನ್ನೊಬ್ಬರನ್ನು ಹಾಕಿದರೆ ಒಪ್ಪಂದಕ್ಕೆ ಕುತ್ತಂತೆ. "ಅಂಗಡಿ ಹೆಸರಿಗಷ್ಟೇ ನಂದು ಕಣಮ್ಮ."

ಜೂನ್ 26, ಬೆಳಿಗ್ಗೆ 7

ಟ್ಯಾಬ್‌ನಲ್ಲಿ ದೂರು ಕೊಡಲು ಒಂದೇ ಜಾಗ, ಯಂತ್ರ ಕೆಟ್ಟರೆ. ಓವನ್, ಫ್ರಿಜ್, ಕಾಫಿ ಯಂತ್ರ, ಇತರೆ. 'ಇತರೆ' ಒತ್ತಿದೆ. ಬರೆದೆ: ಕೌಂಟರಿನ ಹೆಂಗಸು. ಬಳಕೆಗೆ ಬಂದು ನಾಲ್ಕು ವರ್ಷ. ದಿನಾ ಆರು ಗಂಟೆ ನಿಲ್ಲಿಸದೆ ಓಡಿಸಿ ಕೆಟ್ಟಿದೆ.

ದೂರಿನ ನಂಬರ್ ಬಂತು. ನಾಲ್ಕು ಗಂಟೆಯೊಳಗೆ ರಿಪೇರಿಯವರು ಬರುತ್ತಾರಂತೆ.

ಅದೇ ದಿನ, ಮಧ್ಯಾಹ್ನ

ಬಂದ. ಕಂಪನಿಯ ಮೆಕ್ಯಾನಿಕ್, ಪೆಟ್ಟಿಗೆ ಸಮೇತ.

"ಅಕ್ಕಾ, ಕೆಟ್ಟಿರೋದು ಯಾವ್ದು?"

"ನಾನೇ."

ನಗಲಿಲ್ಲ. ಟ್ಯಾಬ್ ಓದಿದ, ನನ್ನನ್ನು ನೋಡಿದ. "ನನ್ ಹತ್ರ ಇರೋ ಸ್ಪ್ಯಾನರ್ ಇದಕ್ಕಾಗಲ್ಲ." ಪೆಟ್ಟಿಗೆ ಕೆಳಗಿಟ್ಟ. "ಹೋಗ್ಬನ್ನಿ ಅಕ್ಕ. ನಾನ್ ನಿಂತಿರ್ತೀನಿ."

ಹೋದೆ. ಅಲ್ಲಿ ಯಾಕೋ ಅಳು ಬಂತು. ವಾಪಸ್ ಬಂದಾಗ ಯಾರಿಗೋ ಕಾಫಿ ಕೊಟ್ಟಿದ್ದ, ಸಕ್ಕರೆ ಮರೆತಿದ್ದ. ದೂರು ಮುಗಿಸಲು ಷರಾ ಬೇಕಂತೆ. ತನ್ನ ರಿಪೇರಿ ಪುಸ್ತಕದಲ್ಲಿ ಬರೆದ: ದೋಷ ನಿಜ. ಕಾರಣ, ಬಿಡುವಿಲ್ಲದ ಬಳಕೆ. ಎರಡನೆಯವರು ಬೇಕು. ಕಂಪನಿಯ ಸೀಲ್ ಹಾಕಿ ಒಂದು ಪ್ರತಿ ನನಗೆ ಕೊಟ್ಟ.

ಜುಲೈ 8

ಎರಡನೆಯವರು ಬರಲಿಲ್ಲ. ಟ್ಯಾಬ್‌ನಿಂದ 'ಇತರೆ' ಮಾಯ.

ಆ ಪ್ರತಿ ಹಿಡಿದು ಕಾರ್ಮಿಕ ಕಚೇರಿಗೆ ಹೋದೆ. ಅಧಿಕಾರಿ ಎರಡು ಸಲ ಓದಿದರು. ನಮ್ಮ ಕೆಲಸದವಳಲ್ಲ ಅನ್ನುವ ಕಂಪನಿ ರಿಪೇರಿಗೆ ಜನ ಕಳಿಸಿದೆಯಲ್ಲ ಎಂದರು. "ಇದನ್ನ ಕಳ್ಕೋಬೇಡಿ." ಯಜಮಾನರಿಗೂ ಕಂಪನಿಗೂ ನೋಟಿಸ್.

ಜುಲೈ 15

ಯಜಮಾನರು ಮಾತು ಬಿಟ್ಟಿದ್ದಾರೆ. ವಟವಟಕ್ಕನಿಗೆ ಫೋನ್ ಮಾಡಿ ಸಾಕ್ಷಿ ಹೇಳುತ್ತೀಯಾ ಎಂದು ಕೇಳಿದೆ. "ಇಲ್ಲೂ ನಾನೊಬ್ಬಳೇ ಕಣೇ." ಬರುತ್ತೇನೆ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ.

ಜುಲೈ 19, ರಾತ್ರಿ 8

ಕಂಪನಿಯ ಉತ್ತರ ಬಂದಿದೆ; ಅಧಿಕಾರಿ ಫೋನಿನಲ್ಲಿ ಓದಿ ಹೇಳಿದರು. ನಾನು ಅವರ ಕೆಲಸದವಳಲ್ಲ. ಪಾಳಿಪಟ್ಟಿ ಬರೀ ಸಲಹೆ. ವಿಚಾರಣೆ 24ಕ್ಕೆ, ಬೆಳಿಗ್ಗೆ ಹತ್ತಕ್ಕೆ, ಎರಡನೇ ಮಹಡಿ. ನಾನು ಹಾಜರಿಲ್ಲದಿದ್ದರೆ ದೂರು ವಜಾ.

ಮುಂದಿನ ವಾರದ ಪಾಳಿ ಮಧ್ಯಾಹ್ನವೇ ಬಂದಿತ್ತು. 24, ಐದೂವರೆಯಿಂದ ಹನ್ನೆರಡು: ಒಬ್ಬರು. ನನ್ನ ಹೆಸರು. ಬದಲಿಗೆ ಯಾರನ್ನಾದರೂ ಹಾಕಿ ಎಂದು ಯಜಮಾನರಿಗೆ ಬರೆದೆ. ಓದಿದ್ದಾರೆ. ಉತ್ತರವಿಲ್ಲ.

24ಕ್ಕೆ ಮಾಡಬೇಕಾದ್ದು ಬರೆದಿಡುತ್ತೇನೆ. ಒಂಬತ್ತಕ್ಕೆ ಓವನ್ ಆಫ್. ಒಂಬತ್ತೂಕಾಲಿಗೆ ಬಾಗಿಲು ಹಾಕುವುದು. ಒಂಬತ್ತೂಕಾಲು ಕಳೆದು ಎರಡು ನಿಮಿಷಕ್ಕೆ ಯಜಮಾನರಿಗೆ ಕಂಪನಿಯ ಸಂದೇಶ. ಹೋಗಲಿ.