ಟ್ಯಾಂಕಿನ ಹಿಂದಿನ ಹಳದಿ ಗರಗ

ಅತ್ತೆಯವರಿಗೆ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಇದು ಅಂಚೆಗೆ ಹಾಕುವ ಕಾಗದವಲ್ಲ. ಆದರೂ ಇವತ್ತಿನ ಸಂಗತಿಯನ್ನು ನಿಮಗೇ ಹೇಳಬೇಕು.

ಹರಿಹರದ ಹೊಳೆದಂಡೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಸರಸ್ವತಿ ನಗರದ ನಮ್ಮ ಅಂಗಳದಲ್ಲಿ ನೀವೊಂದು ಬಳ್ಳಿ ನೆಟ್ಟಿದ್ದಿರಿ. "ಹಳದಿ ಗರಗ ಇದು, ಕೂದ್ಲಿಗೆ ಚಲೋ ಐತೆ" ಅಂದಿದ್ದಿರಿ. ಅದು ಹೂ ಬಿಟ್ಟ ದಿನ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ನೆಂಟರೆದುರು ನಕ್ಕೆ. ಗರಗ ಅಂದರೆ ಭೃಂಗರಾಜ, ಅದರ ಹೂ ಬಿಳಿ, ಇದು ಪಾರ್ಕಿನಲ್ಲಿ ಹಬ್ಬುವ ಕಳೆ ಎಂದು ಹೇಳಿ ಕಿತ್ತು ಹಾಕಿದೆ. "ಇರ್ಲಿ ಬಿಡವ್ವ, ಓದಿದಾಕಿ ನೀನು" ಅಂದು ನೀವು ಒಳಗೆ ಹೋದಿರಿ.

ಇವತ್ತು ನೀರಿನ ಟ್ಯಾಂಕು ತೊಳೆಸಲು ಹೋದಾಗ, ಅದರ ಹಿಂದೆ ಒಡಕು ಬಕೆಟ್ಟಿನಲ್ಲಿ ಅದೇ ಬಳ್ಳಿ, ಟ್ಯಾಂಕಿನಿಂದ ಸೋರುವ ನೀರು ಕುಡಿದು ಹೂ ಬಿಟ್ಟಿತ್ತು. ಪಾರ್ಕಿನಿಂದ ಒಂದು ಎಲೆ ತಂದು ಪಕ್ಕದಲ್ಲಿಟ್ಟು ನೋಡಿದೆ. ಪಾರ್ಕಿನ ಎಲೆ ಸೀಳಿ ಮೂರು ತುದಿಯಾಗಿತ್ತು. ನಿಮ್ಮದು ಸೀಳಿಲ್ಲದ ಉದ್ದನೆಯ ಎಲೆ. ಪುಸ್ತಕ ತೆಗೆದು ನೋಡಿದೆ, ಗರಗದಲ್ಲಿ ಹಳದಿಯೂ ಇದೆ. ನೀವು ಹೇಳಿದ್ದೇ ಸರಿ.

ಬಳ್ಳಿಯ ತುಂಬ ಕುಡಿ ಕತ್ತರಿಸಿದ ಹಳೆಯ ಗುರುತುಗಳಿದ್ದವು. ಒಂದೆಲೆ ಹಿಸುಕಿ ಮೂಸಿದೆ. ಭಾನುವಾರ ನೀವು ನನ್ನ ತಲೆಗೆ ತಿಕ್ಕುತ್ತಿದ್ದ ಎಣ್ಣೆಯ ವಾಸನೆ. "ಹರಿಹರದಾಗ ಅಂಗಡೀಲಿ ತಂದಿದ್ದು" ಅನ್ನುತ್ತಿದ್ದಿರಿ.

ಯಾವ ಅಂಗಡಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ.