ಇಬ್ಬರು ಅಣ್ಣಂದಿರ ಬೇಸಿಗೆ

೧೭ ಏಪ್ರಿಲ್ ೧೯೩೮, ಭಾನುವಾರ. ಮಧುಗಿರಿ

ಈ ಬೇಸಿಗೆಯ ನೆಂಟರ ಅಂದಾಜು. ಅಕ್ಕಿ ಒಂದು ಪಲ್ಲ, ಬೆಲ್ಲ ಎರಡು ಮಣ, ತುಪ್ಪ ಹತ್ತು ಸೇರು, ಮಾವಿನಹಣ್ಣು ಒಂದು ಗಾಡಿ. ಅಕ್ಕನಿಗೊಂದು ಮೊಳಕಾಲ್ಮೂರು ಸೀರೆ. ಹುಡುಗರಿಗೆ ಪುಡಿಗಾಸು. ಒಟ್ಟು ಐವತ್ತೆರಡು ರೂಪಾಯಿ. ಅದರ ಎದುರಿಗೆ, ಹಿತ್ತಿಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿರುವ ಹುಣಸೆಹಣ್ಣು. ಇಪ್ಪತ್ತು ಜನ ಹರಟೆ ಹೊಡೆಯುತ್ತ ಕುಟ್ಟಿ ಬೀಜ ಬಿಡಿಸಿದರೆ ಆಳಿನ ಕೂಲಿ ಹದಿನೆಂಟು ರೂಪಾಯಿ ಉಳಿಯುತ್ತದೆ. ಅವರು ಇದನ್ನು ರಜಾ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಮಿಕ್ಕ ಮೂವತ್ತನಾಲ್ಕು ಪ್ರೀತಿಯ ಖಾತೆಗೆ.

ಈ ಸಲ ಇನ್ನೊಂದು ಬಾಬ್ತು ಇದೆ. ಎರಡೆಳೆ ಚಿನ್ನದ ಸರ. ಅದೂ ಅಕ್ಕನಿಗೇ. ಬೆಲೆ ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿ ಸರೋಜಮ್ಮ ಓದುತ್ತಾಳೆ.

ಸರ ಯಾಕೆಂದರೆ — ನನ್ನ ಮಗಳು ಜಗದಾಂಬ ಹುಟ್ಟಿದ ದಿನವೇ ಅಕ್ಕ ಇಂದ್ರಮ್ಮ ತೊಟ್ಟಿಲಿಗೆ ಅರಿಶಿನ ಹಚ್ಚಿ, ಇವಳು ನನ್ನ ನಂದೀಶ್ವರನಿಗೆ ಅಂದುಬಿಟ್ಟಿದ್ದಾಳೆ. ಅಕ್ಕನ ಮಗನಿಗೆ ತಮ್ಮನ ಮಗಳು. ಯಾರೂ ತೆಗೆದುಹಾಕುವ ಮಾತಲ್ಲ. ಹುಡುಗ ಕೆಟ್ಟವನಲ್ಲ, ಪುರವರದಲ್ಲಿ ಹೊಲ ಇದೆ, ಊಟ ಚೆನ್ನಾಗಿ ಮಾಡುತ್ತಾನೆ. ಆದರೆ ಸಿರಾದ ಮಹಾಲಿಂಗಯ್ಯನವರು ತಮ್ಮ ಮಗ ರೇಣುಕಯ್ಯನಿಗೆ ಕೇಳಿದ್ದಾರೆ. ಸಿರಾದಲ್ಲಿ ಹುಣಸೆ ಮಂಡಿ, ಮದರಾಸಿನ ತನಕ ವ್ಯವಹಾರ. ಬೀಗತನವಾದರೆ ಮಂಡಿಯಲ್ಲಿ ನಾಲ್ಕಾಣೆ ಪಾಲು ಅಂದಿದ್ದಾರೆ. ತಲೆಯ ಮೇಲೆ ಮೂಟೆ ಹೊತ್ತು ಅದೇ ಸಿರಾದ ಸಂತೆಗೆ ನಡೆದವನು ನಾನು. ಅಕ್ಕನೇ ಬಾಯಿಬಿಟ್ಟು "ಬೇರೆ ಕಡೆ ಕೊಡು" ಅನ್ನಬೇಕು. ಅದಕ್ಕೆ ಸರ.

ಸಂಜೆ ಜಗದಾಂಬ ಬಂದು ನಿಂತಳು. ಲೋಯರ್ ಸೆಕೆಂಡರಿ ಪಾಸಾಗಿದೆ. ತುಮಕೂರಿನ ಹೆಣ್ಣುಮಕ್ಕಳ ಸ್ಕೂಲಿಗೆ ಹೋಗಬೇಕಂತೆ, ಅಲ್ಲಿ ಚಿಕ್ಕಮ್ಮನ ಮನೆ ಇದೆಯಲ್ಲ, ಅಂದಳು.

"ನೋಡಾನ" ಅಂದೆ. ನನ್ನ "ನೋಡಾನ"ದ ಅರ್ಥ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಅಳಲಿಲ್ಲ. ತಲೆಯಾಡಿಸಿ ಹೋದಳು.

೨೩ ಏಪ್ರಿಲ್, ಶನಿವಾರ

ಅಕ್ಕನ ಗಾಡಿ ಬಂತು. ಹಿಂದೆ ಕೊರಟಗೆರೆಯವರು, ಪಾವಗಡದವರು. ಇಳಿದವರು ಇಪ್ಪತ್ತೆರಡು ಜನ. ಅಂದಾಜು ಆಗಲೇ ತಪ್ಪಿತು.

ಅಕ್ಕ ಇಳಿಯುತ್ತಲೇ, "ಲೇ ಬಸಲಿಂಗ, ಹೊಟ್ಟೆ ಬಂದೈತಲ್ಲೋ ನಿಂಗೆ. ಯಾರ ಗಂಟು ಹೊಡ್ದೆ?"

"ನೀನು ಬತ್ತೀಯ ಅಂತ ಉಣ್ಣೋದ ಅಭ್ಯಾಸ ಮಾಡ್ಕಂತಿದ್ದೆ ಅಕ್ಕ."

ನಂದೀಶ್ವರ ಕೈಕಾಲು ತೊಳೆಯುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅತ್ತೆ, ಏನು ಘಮ್ ಅಂತೈತೆ?" ಸರೋಜಮ್ಮನಿಗೆ ಇಂಥ ಅಳಿಯ ಸಿಕ್ಕರೆ ಸಾಕು. ಅವಳಿಗೆ ಮಂಡಿಯ ವಿಷಯ ತಿಳಿಯುವುದಿಲ್ಲ.

೨೭ ಏಪ್ರಿಲ್, ಬುಧವಾರ

ಹುಣಸೆ ಸಾಗಿದೆ. ಜಗಲಿಯ ತುಂಬ ಕೊಡತಿಯ ಸದ್ದು. ಗಂಡಸರು ಕುಟ್ಟುವುದು, ಹೆಂಗಸರು ನಾರು-ಬೀಜ ಬಿಡಿಸುವುದು, ಹುಡುಗರು ಉಪ್ಪು ಹಚ್ಚಿಕೊಂಡು ತಿನ್ನುವುದು. ತಿಂದದ್ದು ಸುಮಾರು ಅರ್ಧ ಮಣ. ನಾಳೆಯಿಂದ ಹೊಟ್ಟೆನೋವಿನ ಕಷಾಯ, ಅದರ ಖರ್ಚು ಬೇರೆ.

ಅವ್ವ ಲಿಂಗಪೂಜೆ ಮುಗಿಸಿ ಬಂದು ನಡುವೆ ಕೂತಳು. ಹಲ್ಲಿಲ್ಲ, ಮಾತಿದೆ. ಹುಡುಗಿಯರಿಗೆ ಯಾರಿಗೆ ಯಾರು ಏನಾಗಬೇಕು ಅಂತ ಪಾಠ. ದೊಡ್ಡಪ್ಪನ ಮಗ ಅಣ್ಣ, ಚಿಕ್ಕಮ್ಮನ ಮಗ ಅಣ್ಣ, ಸೋದರತ್ತೆಯ ಮಗ ಭಾವ. ಅದಲುಬದಲಾಗುವ ಹಾಗಿಲ್ಲ.

"ಆದ್ರೇನಾಗತ್ತೆ ಅಜ್ಜಿ?" — ಜಗದಾಂಬ.

"ನನ್ನ ತಂಗಿ ಗೊತ್ತಾದ ಗಂಡಿಗೆ ಬಾಯಿ ತಪ್ಪಿ ಅಣ್ಣ ಅಂದ್ಬುಟ್ಳು. ಚಪ್ಪರ ಹಾಕಿದ್ರು ಕಣಮ್ಮ, ಬಿಚ್ಚಿದ್ರು. ಅಣ್ಣ ಅಂದೋನ ಕೈಲಿ ತಾಳಿ ಕಟ್ಟಿಸ್ಕೊಂಡೋಳು ನಮ್ಮನೇಲಿ ಒಬ್ಳೂ ಇಲ್ಲ."

ಜಗದಾಂಬ ಕೈಯಲ್ಲಿದ್ದ ಬೀಜ ಬುಟ್ಟಿಗೆ ಹಾಕಿದಳು. ಎಲ್ಲರೂ ನಕ್ಕರು. ಅವಳೂ.

ಅಕ್ಕನ ಹತ್ತಿರ ಮಾತೆತ್ತಲು ಇವತ್ತೂ ಆಗಲಿಲ್ಲ. ಮಾವಿನಹಣ್ಣು ತಿನ್ನುತ್ತಿದ್ದಳು. ತಿನ್ನುವವರ ಹತ್ತಿರ ವ್ಯವಹಾರ ಮಾತಾಡಬಾರದು. ಹೂಂ ಅನ್ನುತ್ತಾರೆ, ಆಮೇಲೆ ನೆನಪಿಲ್ಲ ಅನ್ನುತ್ತಾರೆ.

೧ ಮೇ, ಭಾನುವಾರ. ಮಧ್ಯಾಹ್ನ

ಹುಣಸೆ ಮುಗಿದ ಖುಷಿಗೆ ಓಕುಳಿ. ಅರಿಶಿನ-ಸುಣ್ಣದ ಕೆಂಪು ನೀರು, ಅಂಗಳದಲ್ಲಿ ಎರಡು ಹಂಡೆ. ಭಾವ-ನಾದಿನಿಯರು ಎರಚಾಡಬೇಕು, ಅಣ್ಣ-ತಂಗಿಯರು ದೂರ ನಿಲ್ಲಬೇಕು. ಪ್ರತಿ ವರ್ಷದ ಪದ್ಧತಿ. ಹಾಳಾದ ಪಂಚೆ ಏಳು.

ಜಗದಾಂಬ ಒಳಗಿನಿಂದ ಒಣಬಟ್ಟೆ ತರುತ್ತಿದ್ದಳು. ನಂದೀಶ್ವರ ಚೊಂಬು ಹಿಡಿದು ಹೊಸಿಲಿಗೆ ಅಡ್ಡ ನಿಂತ. ಹುಡುಗರೆಲ್ಲ ಹೋ ಅಂದರು.

"ನನ್ನ ಹೆಸರು ಹೇಳು, ಬುಡ್ತೀನಿ."

ಅವಳು ನಿಂತಳು. ಎಲ್ಲರನ್ನೂ ಒಮ್ಮೆ ನೋಡಿದಳು. ಮೆಲ್ಲಗೆ ಅಲ್ಲ, ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು:

"ದಾರಿ ಬುಡಣ್ಣ."

ಚೊಂಬಿನ ನೀರು ಅವನ ಕಾಲ ಮೇಲೇ ಚೆಲ್ಲಿತು. 

"ಏನಂದ್ಯೇ?" — ಅಕ್ಕ.

"ದಾರಿ ಬುಡಣ್ಣ ಅಂದೆ ಅತ್ತೆ."

ಅಕ್ಕ ಅವ್ವನ ಕಡೆ ನೋಡಿದಳು. ಅವ್ವ ಅಡಿಕೆ ಕುಟ್ಟುತ್ತ, "ಮುಗೀತಲ್ಲ" ಅಂದಳು.

"ಬಾಯಿ ಜಾರಿರಬೋದು ಕಣವ್ವ. ತರಕಾರಿ ಮಾರೋನಿಗೂ ಅಣ್ಣ ಅಂತಾರೆ. ಅದೂ ಲೆಕ್ಕಾನಾ?"

ಇಲ್ಲಿ ನಾನು ಬಾಯಿ ಹಾಕಿದೆ. ಹಾಕದೆ ಇರುವುದು ಹೇಗೆ. ತಾನಾಗಿ ಬಂದದ್ದನ್ನು ಭದ್ರ ಮಾಡಬೇಕಲ್ಲ. ದನಿ ಭಾರ ಮಾಡಿಕೊಂಡು, "ಅಕ್ಕ, ನಂಗೂ ಸಂಕಟಾನೇ. ಆದ್ರೆ ನೆಂಟ ಆಗ್ಲಿ, ಹೊರಗಿನೋನಾಗ್ಲಿ, ಹತ್ತು ಜನದ ಮುಂದೆ ಗಂಡಿಗೆ ಅಣ್ಣ ಅಂದ್ರೆ ಅಂದಂಗೇ. ನಮ್ಮಪ್ಪ ಇದ್ದಿದ್ರೂ ಇದೇ ಹೇಳ್ತಿದ್ದ."

ಅಪ್ಪ ಹಾಗೆ ಎಂದೂ ಹೇಳಿದವನಲ್ಲ. ಎಲ್ಲರೂ ತಲೆದೂಗಿದರು.

ಅದೇ ದಿನ, ಸಂಜೆ

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೋಣೆಯಲ್ಲಿ ಕೂತಿದ್ದಾಳೆ. ನಂದೀಶ್ವರ ಹೋಳಿಗೆ ತಿನ್ನುತ್ತಿದ್ದಾನೆ. ಹುಡುಗರು ಅವನ ಸುತ್ತ ಕುಣಿದು, "ಇನ್ಮೇಲೆ ಮಾವನ್ನ ಚಿಕ್ಕಪ್ಪ ಅನ್ಬೇಕು ನೀನು" ಅಂತ ಪೀಡಿಸಿದರು. "ಅಂತೀನಿ ಬುಡ್ರೋ. ಚಿಕ್ಕಪ್ಪ ಆದ್ರೆ ಹೋಳಿಗೆ ಕೊಡಾಕಿಲ್ವಾ?" ಅಂದ. ಇವನನ್ನು ನೋಡಿ ನನಗೆ ಮೊದಲ ಸಲ ಸ್ವಲ್ಪ ಗೌರವ ಬಂತು.

ಸರ ಡಬ್ಬಿಗೆ ವಾಪಸ್ಸು. ಮಹಾಲಿಂಗಯ್ಯನವರಿಗೆ ಬಸ್ಸಿನವನ ಕೈಯಲ್ಲಿ ಹೇಳಿಕಳಿಸಿದೆ — ಬುಧವಾರ ಬನ್ನಿ, ಅಡ್ಡಿ ಇಲ್ಲ.

ಮಗಳಿಗೆ ತಲೆ ಸವರಿ ಎರಡಾಣೆ ಕೊಟ್ಟೆ. "ಯಾಕಪ್ಪ?" ಅಂದಳು. "ಸುಮ್ನೆ" ಅಂದೆ.

೪ ಮೇ, ಬುಧವಾರ

ಸಿರಾದ ಬಸ್ಸು ಹನ್ನೊಂದಕ್ಕೆ ಬಂತು. ಮಹಾಲಿಂಗಯ್ಯನವರು ಜರಿ ರುಮಾಲು, ಮಗ ರೇಣುಕಯ್ಯ ಕೋಟು, ವಾಚು. ಬಿಸಿಲಿಗೆ ಕೋಟಿನೊಳಗೆ ಬೇಯುತ್ತಿದ್ದ. ಒಳ್ಳೆ ಹುಡುಗನೇ. ತಲೆ ಎತ್ತಲಿಲ್ಲ.

ನೆಂಟರೆಲ್ಲ ಪಡಸಾಲೆಯಲ್ಲಿ ಕೂತರು. ಸಾಕ್ಷಿಗೆ ಇರಲಿ ಅಂತ ನಾನೇ ಕೂರಿಸಿದ್ದು. ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು.

ಜಗದಾಂಬ ಬೇಲದ ಹಣ್ಣಿನ ಪಾನಕ ತಂದಳು. ಮಹಾಲಿಂಗಯ್ಯನವರಿಗೆ ಒಂದು ಲೋಟ. ಆಮೇಲೆ ಹುಡುಗನ ಮುಂದೆ ಬಗ್ಗಿ —

"ತಗೊಳ್ಳಿ ಅಣ್ಣ. ಬಿಸಿಲಲ್ಲಿ ಬಂದಿದೀರ."

ಹುಡುಗ ಲೋಟ ತೆಗೆದುಕೊಂಡ. ಕುಡಿದೂ ಬಿಟ್ಟ.

ನಾನು ನಕ್ಕೆ. "ಮಕ್ಕಳು... ಮರ್ಯಾದೆಗೆ ಹಂಗೆ..."

ಕಂಬದ ಕಡೆಯಿಂದ ಅಕ್ಕನ ದನಿ. ಮೂರು ದಿನದಲ್ಲಿ ಮೊದಲ ಮಾತು.

"ಮರ್ಯಾದೆ ಅಲ್ಲ ಕಣೋ ಬಸಲಿಂಗ. ನೆಂಟ ಆಗ್ಲಿ ಹೊರಗಿನೋನಾಗ್ಲಿ, ಅಂದ್ರೆ ಅಂದಂಗೇ ಅಂದೋನು ನೀನೇ ಅಲ್ವಾ. ಅಪ್ಪನ್ನ ಬೇರೆ ಕರ್ಕಂಡ್ ಬಂದಿದ್ದೆ." ಆಮೇಲೆ ಮಹಾಲಿಂಗಯ್ಯನವರ ಕಡೆ ತಿರುಗಿ ಓಕುಳಿಯ ಕಥೆಯನ್ನು ಒಂದು ಅಕ್ಷರ ಬಿಡದೆ ಹೇಳಿದಳು.

ಅವ್ವನ ಕಡೆ ನೋಡಿದೆ. "ನಾನೇನು ಹೇಳ್ಲಪ್ಪ. ನೀನೇ ಹೇಳಿದ್ದೀಯಲ್ಲ" ಅಂದಳು. ಹಲ್ಲಿಲ್ಲದ ಬಾಯಿ ಬಿಗಿ ಹಿಡಿದಿದ್ದಳು. ಒಳಗೆ ಏನಿತ್ತೋ, ಅಡಿಕೆ ಅಲ್ಲ.

ಲೆಕ್ಕ ಹಾಕಿದೆ. ಈಗ ಮಾತು ತಿರುಗಿಸಿದರೆ ಓಕುಳಿಯ ಮಾತೂ ತಿರುಗುತ್ತದೆ, ಹುಡುಗಿ ಪುರವರಕ್ಕೆ. ತಿರುಗಿಸದಿದ್ದರೆ ಸಿರಾ ಇಲ್ಲ. ಎರಡು ಕಡೆಯಿಂದಲೂ ಬಾಗಿಲು ಹಾಕಿದವನು ನಾನೇ.

ಮಹಾಲಿಂಗಯ್ಯನವರು ರುಮಾಲು ಸರಿಮಾಡಿಕೊಂಡರು. "ಹುಡುಗಿ ಬಾಯಲ್ಲಿ ಅಣ್ಣ ಅಂತ ಬಂತು. ಇನ್ನು ಜಬರ್ದಸ್ತಿ ಬ್ಯಾಡ ಬಸವಲಿಂಗಯ್ಯ. ಪಾನಕ ಚೆನ್ನಾಗೈತೆ." ಎರಡನೇ ಲೋಟ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋದರು. ಮಂಡಿಯ ಮಾತು ಅವರೂ ಎತ್ತಲಿಲ್ಲ, ನಾನೂ.

ಅವರು ಹೋದ ಮೇಲೆ ಮಗಳನ್ನು ಕರೆದೆ.

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನೀನೇ ಹೇಳ್ದೆ ಅಲ್ವಾ ಅಪ್ಪ, ಎಲ್ರ ಮುಂದೆ."

ದನಿ ಎತ್ತಲಿಲ್ಲ. ಕಣ್ಣು ಕೆಳಗೆ ಹಾಕಲಿಲ್ಲ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ನಾನು ಮೊದಲ ಮೂಟೆ ಮಾರಿದ ದಿನ ಬಂದ ದುಡ್ಡನ್ನೂ ಹೀಗೇ... ಇರಲಿ.

೧೨ ಮೇ, ಗುರುವಾರ

ಎಂಟು ದಿನ ಬರೆಯಲಿಲ್ಲ. ಬರೆಯುವಂಥದು ಇರಲಿಲ್ಲ. ಉಂಡರು, ಚೌಕಾಬಾರ ಆಡಿದರು, ನಕ್ಕರು. ನನ್ನ ಕಂಡಾಗ ಸ್ವಲ್ಪ ಜಾಸ್ತಿ ನಕ್ಕರು. ಅಕ್ಕ ನನ್ನ ಮಗಳ ತಲೆಗೆ ದಿನಾ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಸೊಸೆಯಾಗದಿದ್ದರೆ ಏನು, ಅಂದಳಂತೆ.

ನೆನ್ನೆ ಅವ್ವನೇ ಮಾತು ತೆಗೆದಳು. "ಇವಳನ್ನ ಮನೇಲಿ ಇಟ್ಕಂಡ್ರೆ ಬಂದೋರಿಗೆಲ್ಲ ಅಣ್ಣ ಅಂತಾಳೆ. ತುಮಕೂರಿಗೆ ಕಳ್ಸೋ. ಅಲ್ಲಿ ಬರೀ ಹೆಣ್ಮಕ್ಳವ್ರೆ."

ಹೂಂ ಅಂದೆ. ಈ ಸಲ "ನೋಡಾನ" ಅನ್ನಲಿಲ್ಲ. ಅಂದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಇವತ್ತು ಗಾಡಿಗಳು ಹೊರಟವು. ಅಕ್ಕನಿಗೆ ಸೀರೆ ಕೊಟ್ಟು, ಮಡಿಲಕ್ಕಿ ತುಂಬಿಸಿ, ಡಬ್ಬಿಯಿಂದ ಸರ ತೆಗೆದು ಅಕ್ಕಿಯ ಮೇಲಿಟ್ಟೆ. ಯಾಕೆ ಕೊಟ್ಟೆ ಅಂತ ಸರೋಜಮ್ಮ ಕೇಳಿದಳು. ಅಕ್ಕನೂ ಕೇಳಿದಳು. ನಾನು ಗಾಡಿಯ ಹಗ್ಗ ಬಿಗಿಯಲು ಹೋದೆ.

ಯಾರಿಗೆ ಏನು:

ಅಕ್ಕ — ಸೀರೆ, ಸರ, ನನ್ನ ಮೇಲೆ ಜೀವಮಾನಕ್ಕಾಗುವಷ್ಟು ನಗೆಮಾತು.

ನಂದೀಶ್ವರ — ಹೋಳಿಗೆ, ಎಣಿಸಿಲ್ಲ. ಹೋಗುವಾಗ "ಬತ್ತೀನಿ ಚಿಕ್ಕಪ್ಪ" ಅಂದ.

ಮಹಾಲಿಂಗಯ್ಯ — ಎರಡು ಲೋಟ ಪಾನಕ. ಬಸ್ ಚಾರ್ಜು ಅವರದೇ.

ಅವ್ವ — ಏನು ಸಿಕ್ಕಿತೋ, ಅವಳು ಹೇಳುವುದಿಲ್ಲ.

ನಾನು — ಹುಣಸೆ ಹದಿನಾಲ್ಕು ಮಣ, ಬೀಜ ಬಿಡಿಸಿದ್ದು. ಸಿರಾ ಮಂಡಿ ಇಲ್ಲ. ಮಗಳ ಲೆಕ್ಕದ ಪ್ರಕಾರ ಇಬ್ಬರು ಬೆಳೆದ ಗಂಡುಮಕ್ಕಳು. ಪಾಲು ಕೇಳುವವರಲ್ಲ.

ಜಗದಾಂಬ — ತುಮಕೂರು. ಜೂನ್‌ನಿಂದ.

ಬಾಗಿಲಲ್ಲಿ ನಿಂತಿದ್ದಾಳೆ. "ಅಪ್ಪ, ಟ್ರಂಕು ಯಾವತ್ತು ತರೋದು?"

ಟ್ರಂಕು. ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಂತೆಪೇಟೆಯಲ್ಲಿ ತಗಡಿನದು ಮೂರು ರೂಪಾಯಿ, ಆದರೆ ಬೀಗ ಗಟ್ಟಿ ಇರುವುದು ಬೇಕು ಅಂದರೆ —